ಪಕ್ಕದ ಮನೆಯವರಿಗೆ ಹೇಳಿದ್ದೀರಾ?

ಅಪ್ಪ ಬೆಳಿಗ್ಗೆ ಪೇಪರ್ ಓದುವುದೆಂದರೆ ನಮ್ಮ ಮನೆಯಲ್ಲಿ ಒಂದು ಪಾರಾಯಣ ನಡೆದಂತೆ. ಮೊದಲ ಪುಟದ ತಲೆಬರಹದಿಂದ ಶುರುವಾದರೆ ಶ್ರದ್ಧಾಂಜಲಿಯ ಫೋಟೋಗಳವರೆಗೆ ಏನನ್ನೂ ಬಿಡುವುದಿಲ್ಲ. ನಡುವೆ ಯಾರಾದರೂ ಒಂದು ಹಾಳೆ ಎತ್ತಿಕೊಂಡರೆ ಸಿಡುಕು. ಇಂಥ ಅಪ್ಪನಿಗೂ ನಮ್ಮ ಹಿಂದಿನ ಮನೆ ವಾಣಿಜ್ಯ ಕಟ್ಟಡವಾಗಲಿದೆ ಎಂಬ ಸುದ್ದಿ ಗೊತ್ತಾಗಿದ್ದು ಜೆಸಿಬಿಯ ಸದ್ದು ಕೇಳಿದ ಮೇಲೆ. ಪ್ರಕಟಣೆ ಬಂದಿತ್ತು, ನಿಜ. ಬಂದದ್ದು ನಾವು ತರಿಸದ ಬೇರೊಂದು ಪತ್ರಿಕೆಯಲ್ಲಿ.

ನಮ್ಮದು ಬನಶಂಕರಿ ಎರಡನೇ ಹಂತ. ಮೋನೋಟೈಪ್ ಸ್ಟಾಪಿನಲ್ಲಿ ಇಳಿದು ಹತ್ತು ನಿಮಿಷ ನಡೆದರೆ ಸಿಗುವ, ಎರಡು ಕಾರು ಎದುರುಬದುರಾದರೆ ಒಂದು ಹಿಂದೆ ಸರಿಯಬೇಕಾದ ರಸ್ತೆ. ಎಪ್ಪತ್ತರ ದಶಕದಲ್ಲಿ ತಾತನಿಗೆ ಮಂಜೂರಾದ 30x40 ಸೈಟು. ನಮ್ಮ ಹಿತ್ತಲ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ ಮನೆ ಮಾತ್ರ ದೊಡ್ಡದು. ಅದರ ಮುಖ ಇನ್ನೊಂದು ಬದಿಯ ಅಗಲ ರಸ್ತೆಗೆ. ಅಲ್ಲೊಂದು ಸಂಪಿಗೆ ಮರ. ಹೂವು ಅವರದು, ಪರಿಮಳ ನಮ್ಮದು ಎಂದು ಅಜ್ಜಿ ಹೇಳುತ್ತಿದ್ದರು. ಮನೆಯ ಹಿರಿಯರು ತೀರಿಕೊಂಡರು, ಮಕ್ಕಳು ಹೊರದೇಶದಲ್ಲಿದ್ದರು, ಮನೆ ಕೈ ಬದಲಾಯಿತು. ಒಂದು ಸೋಮವಾರ ಬೆಳಿಗ್ಗೆ ಮರ ಇರಲಿಲ್ಲ. ವರ್ಷ ಒಪ್ಪೊತ್ತರಲ್ಲಿ ಅಲ್ಲಿ ಕೋಚಿಂಗ್ ಸೆಂಟರು, ಜಿಮ್ಮು, ಮೇಲೊಂದು ಕಚೇರಿ. ಕರೆಂಟು ಹೋದಾಗ ಓಡುವ ಜನರೇಟರನ್ನು ಅವರು ಇಟ್ಟಿದ್ದು ತಮ್ಮ ಹಿಂಬದಿಯ ಖಾಲಿ ಜಾಗದಲ್ಲಿ. ಅವರ ಹಿಂಬದಿ ಎಂದರೆ ಅಜ್ಜಿಯ ಕೋಣೆಯ ಕಿಟಕಿ.

ಎಂಬತ್ತನಾಲ್ಕರ ಅಜ್ಜಿ ಹಾಸಿಗೆಯನ್ನು ಹಾಲಿಗೆ ತಂದುಕೊಂಡರು. ಯಾರ ಮೇಲೂ ರೇಗಲಿಲ್ಲ. "ಒಂದು ಮಾತು ಹೇಳಿದ್ದಿದ್ದರೆ ಆಗ್ತಿತ್ತು" ಎಂದಷ್ಟೇ ಎಂದರು. ನಾನು ಪಿಎಚ್.ಡಿ. ವಿದ್ಯಾರ್ಥಿನಿ. ಕಾಗದ ಹುಡುಕುವುದು ನನ್ನ ಕಸುಬು. ಹಾಗಾಗಿ ಈ 'ಒಂದು ಮಾತು' ಎಲ್ಲಿ ತಪ್ಪಿಹೋಯಿತು ಎಂದು ಹುಡುಕಲು ಹೊರಟೆ.

ಕಚೇರಿಯೊಂದರಲ್ಲಿ ನನಗೆ ಸಿಕ್ಕ ಗುಮಾಸ್ತರು ಸಜ್ಜನರು. ಕೂರಿಸಿ, ಕಡತ ತೆಗೆದು ತೋರಿಸಿದರು. ಒಂದು ಬಿಳಿ ಹಾಳೆಯ ಮೇಲೆ ಅಂಗೈಯಗಲದ ಪತ್ರಿಕೆಯ ತುಣುಕು ಅಂಟಿಸಲಾಗಿತ್ತು. ಸೈಟಿನ ಸಂಖ್ಯೆ, ಚದರ ಮೀಟರಿನಲ್ಲಿ ವಿಸ್ತೀರ್ಣ, 'ವಸತಿ ಉಪಯೋಗದಿಂದ ವಾಣಿಜ್ಯ ಉಪಯೋಗಕ್ಕೆ' ಎಂಬ ಸಾಲು, ಕೊನೆಗೆ ಹದಿನೈದು ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು ಎಂಬ ಸೂಚನೆ. ಸಂಪಿಗೆ ಮರದ ಮನೆ ಎಂದು ಎಲ್ಲಿಯೂ ಬರೆದಿರಲಿಲ್ಲ. ಆ ಸಂಖ್ಯೆ ಯಾವ ಮನೆಯದು ಎಂದು ಐವತ್ತು ವರ್ಷ ಅದರ ಬೆನ್ನಿಗೆ ಬದುಕಿದ ನಮಗೂ ಗೊತ್ತಿರಲಿಲ್ಲ. "ಟೈಮ್ ಕೊಟ್ಟಿದ್ರಲ್ಲ ಮೇಡಂ, ಯಾರೂ ಆಕ್ಷೇಪಣೆ ಹಾಕಿಲ್ಲ" ಎಂದರು ಅವರು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ ಎಂಬುದು ಕಡತದೊಳಗೆ ಹೋಗುವಾಗ ಯಾರದೂ ಆಕ್ಷೇಪವಿಲ್ಲ ಎಂದಾಗುತ್ತದೆ, ಅಷ್ಟೇ.

ಮನೆಗೆ ಬಂದು ಕಾನೂನು ಓದಿದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961. ಅದರಲ್ಲಿ 14ಎ ಎಂಬ ಕಲಂ ಇದೆ. ಯೋಜನೆಯಲ್ಲಿ ಒಂದು ಜಾಗವನ್ನು ಯಾವುದಕ್ಕೆ ಎಂದು ಗುರುತಿಸಲಾಗಿದೆಯೋ ಅದನ್ನು ಬದಲಿಸಬೇಕಾದರೆ ಬದಲಾವಣೆ ಸಾರ್ವಜನಿಕ ಹಿತಕ್ಕಾಗಿರಬೇಕು, ಸರ್ಕಾರದ ಒಪ್ಪಿಗೆ ಬೇಕು, ಆ ಪ್ರದೇಶದಲ್ಲಿ ಪ್ರಸಾರವಿರುವ ಒಂದು ಅಥವಾ ಹೆಚ್ಚು ದಿನಪತ್ರಿಕೆಗಳಲ್ಲಿ ಪ್ರಕಟಿಸಿ ಕನಿಷ್ಠ ಹದಿನೈದು ದಿನಗಳ ಅವಧಿ ಕೊಟ್ಟು ಸಾರ್ವಜನಿಕರಿಂದ ಆಕ್ಷೇಪಣೆ ಕರೆಯಬೇಕು. 'ಸಾರ್ವಜನಿಕರು' ಎಂಬ ಪದದ ಮೇಲೆ ನಾನು ತುಂಬ ಹೊತ್ತು ನಿಂತೆ. ಸಾರ್ವಜನಿಕರಲ್ಲಿ ಹೆಬ್ಬಾಳದವರೂ ಇದ್ದಾರೆ, ಕೆಂಗೇರಿಯವರೂ ಇದ್ದಾರೆ. ಗೋಡೆ ಹಂಚಿಕೊಂಡವರು ಅವರೆಲ್ಲರ ನಡುವೆ ಎಲ್ಲೋ ಒಂದು ಮೂಲೆಯಲ್ಲಿ. ಪಕ್ಕದವರು ಎಂಬ ವಿಶೇಷ ಸ್ಥಾನವನ್ನು ಆ ಕಲಂ ಯಾರಿಗೂ ಕೊಡುವುದಿಲ್ಲ.

ಇದು ಭೂ ಬಳಕೆ ಬದಲಿಸುವವರ ಮಾತಾಯಿತು. ಇದ್ದ ಬಳಕೆಯೊಳಗೇ ಮನೆ ಕೆಡವಿ ಕಟ್ಟುವವರಿಗೆ, ಮಹಡಿ ಏರಿಸುವವರಿಗೆ ಈ ಪತ್ರಿಕೆಯ ತುಣುಕೂ ಬೇಕಿಲ್ಲ. ನಕ್ಷೆ ಮಂಜೂರಾತಿ ಎನ್ನುವುದು ಕಟ್ಟುವವರು ಮತ್ತು ಪಾಲಿಕೆಯ ನಡುವಿನ ವ್ಯವಹಾರ. 2024ರಲ್ಲಿ ಬೆಂಗಳೂರಿನ ಪಾಲಿಕೆ ಮನೆ ಕಟ್ಟುವವರಿಗೆ ಬೇಗ ನಕ್ಷೆ ಸಿಗಲೆಂದು ತಂದ ಯೋಜನೆಯ ಹೆಸರು 'ನಂಬಿಕೆ ನಕ್ಷೆ'. ಹೆಸರು ಚೆನ್ನಾಗಿದೆ. ಕಚೇರಿ ಅಲೆಯುವುದು ತಪ್ಪಿದರೆ ಯಾರಿಗೆ ಬೇಡ? ಆದರೆ ಆ ನಂಬಿಕೆ ಅರ್ಜಿದಾರರು, ವಾಸ್ತುಶಿಲ್ಪಿ ಮತ್ತು ಕಚೇರಿ ಈ ಮೂವರ ನಡುವಿನದು. ನಾಲ್ಕನೆಯವರು ಕಾಂಪೌಂಡಿನ ಆಚೆ ನಿಂತು ನೋಡುತ್ತಿರುತ್ತಾರೆ.

ಈ ಪ್ರಶ್ನೆ ಬೆಂಗಳೂರಿಗೆ ಹೊಸದಲ್ಲ. 1987ರಲ್ಲಿ ಬಿ.ಕೆ. ಶ್ರೀನಿವಾಸನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಬೇರೆ ಬಗೆಯಲ್ಲಿ ಚರ್ಚಿಸಿದೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಏಳುತ್ತಿದ್ದ ಎತ್ತರದ ಕಟ್ಟಡಗಳ ಜಗಳ ಅದು. ನಗರದ ರೂಪರೇಖಾ ಯೋಜನೆ ಮತ್ತು ಅದರ ನಿಯಮಗಳು ಸರಿಯಾಗಿ ಪ್ರಕಟವಾಗಿದ್ದವೇ ಎಂಬುದು ಪ್ರಶ್ನೆ. ಕಾನೂನಿಗೆ ಬದ್ಧರಾಗಬೇಕಾದವರಿಗೆ ಆ ಕಾನೂನನ್ನು ನೇರವಾಗಿ, ನಂಬುವಂತೆ ತಿಳಿಸಿರಬೇಕು ಎಂದು ನ್ಯಾಯಾಲಯ ಹೇಳಿತು. ಎಷ್ಟು ಒಳ್ಳೆಯ ಮಾತು ಎಂದುಕೊಂಡು ಮುಂದೆ ಓದಿದೆ. ಯೋಜನೆಯ ಪ್ರತಿ ಇಂಥ ಕಚೇರಿಯಲ್ಲಿ ನೋಡಲು ಸಿಗುತ್ತದೆ ಎಂದು ರಾಜ್ಯಪತ್ರದಲ್ಲಿ ತಿಳಿಸಿದ್ದನ್ನು ಅದೇ ತೀರ್ಪು ಪ್ರಕಟಣೆಯೆಂದು ಒಪ್ಪಿತ್ತು. ಇಡೀ ಊರಿಗೆ ಅನ್ವಯಿಸುವ ಯೋಜನೆಗೆ ಬಹುಶಃ ಅಷ್ಟೇ ಸಾಧ್ಯ. ಮನೆಮನೆಗೆ ನಕ್ಷೆ ಹಂಚಲಾಗದು. ಆದರೆ ಒಂದು ಸೈಟಿನ ವಿಷಯಕ್ಕೆ? ಅದರ ಸುತ್ತ ಇರುವುದು ಹೆಚ್ಚೆಂದರೆ ಐದಾರು ಮನೆ.

ನಾಲ್ಕು ವರ್ಷದ ನಂತರ, 1991ರಲ್ಲಿ, ಅದೇ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟ ಪ್ರಕರಣ ಬಂತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವೆಂದೇ ಅದು ಪ್ರಸಿದ್ಧ. ಕೇಳಲು ಇವರು ಯಾರು ಎಂಬ ಪ್ರಶ್ನೆಗೆ, ಆ ಬಡಾವಣೆಯಲ್ಲಿ ಬದುಕುವವರಿಗೆ ಕೇಳುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟು ಉತ್ತರಿಸಿತು. ಜಾಗ ಉದ್ಯಾನಕ್ಕೇ ಉಳಿಯಿತು. ಅಂದರೆ ಕೇಳುವ ಹಕ್ಕು ನಮಗೆ ಮೂವತ್ತು ವರ್ಷಕ್ಕೂ ಹಿಂದೆಯೇ ಸಿಕ್ಕಿದೆ. ಆದರೆ ಗೊತ್ತಾದರೆ ತಾನೇ ಕೇಳುವುದು?

ಇಂಗ್ಲೆಂಡಿನಲ್ಲಿ ಓದುತ್ತಿರುವ ನನ್ನ ಗೆಳತಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿಕೊಂಡೆ. ಮರುದಿನ ಅವಳು ಒಂದು ಫೋಟೋ ಕಳಿಸಿದಳು. ಅವಳ ಬೀದಿಯ ದೀಪದ ಕಂಬಕ್ಕೆ ಪ್ಲಾಸ್ಟಿಕ್ ಹೊದಿಸಿ ಕಟ್ಟಿದ ಒಂದು ಹಾಳೆ. ಇಂಥ ನಂಬರಿನ ಮನೆಯವರು ಹಿಂದೆ ಒಂದು ಕೋಣೆ ಸೇರಿಸಲು ಅರ್ಜಿ ಹಾಕಿದ್ದಾರೆ, ಹೇಳುವುದಿದ್ದರೆ ಹೇಳಿ ಎಂದು. ಅಲ್ಲಿ ಹೀಗೆ ಜಾಗದ ಬಳಿ ನೋಟೀಸು ಹಾಕುವುದೋ ಅಕ್ಕಪಕ್ಕದವರಿಗೆ ಪತ್ರ ಬರೆಯುವುದೋ ಆಗಬೇಕು, ಇಪ್ಪತ್ತೊಂದು ದಿನ ಕಾಯಬೇಕು. ಗಡಿಗೋಡೆಗೆ ಕೈ ಹಚ್ಚುವವರಿಗಂತೂ 1996ರದ್ದೊಂದು ಪ್ರತ್ಯೇಕ ಕಾಯ್ದೆಯೇ ಇದೆ. ಇಬ್ಬರಿಗೂ ಸೇರಿದ ಗೋಡೆಯ ಕೆಲಸಕ್ಕೆ ಎರಡು ತಿಂಗಳು ಮೊದಲು ಪಕ್ಕದ ಮಾಲೀಕರಿಗೆ ಬರಹದಲ್ಲಿ ತಿಳಿಸಬೇಕು. "ಹಾಗಂತ ಇಲ್ಲಿ ನೆರೆಯವರ ಜಗಳ ಇಲ್ಲ ಅಂದುಕೋಬೇಡ. ಜಗಳ ಕಟ್ಟೋಕೆ ಮೊದಲೇ ಶುರುವಾಗುತ್ತೆ, ಅಷ್ಟೇ ವ್ಯತ್ಯಾಸ" ಎಂದು ನಕ್ಕಳು. ಆ ವ್ಯತ್ಯಾಸ ಸಣ್ಣದಲ್ಲ ಎಂದು ನನಗೆ ಅರ್ಥವಾದದ್ದು ಹಿಂದಿನ ಕಟ್ಟಡದ ಮಾಲೀಕರನ್ನು ಕಂಡ ದಿನ. ಜನರೇಟರ್ ವಿಷಯ ಹೇಳಿದಾಗ ಅವರಿಗೂ ಮುಖ ಸಪ್ಪಗಾಯಿತು. "ಅಲ್ಲಿ ವಯಸ್ಸಾದವರು ಮಲಗ್ತಾರೆ ಅಂತ ಗೊತ್ತಿದ್ದಿದ್ರೆ ಪ್ಲಾನ್‌ನಲ್ಲೇ ಆ ಕಡೆ ಹಾಕಿಸ್ತಿದ್ವಿ. ಈಗ ವೈರಿಂಗ್, ಪೈಪು ಎಲ್ಲ ಆಗೋಗಿದೆ" ಎಂದರು. ಕಾಗದದ ಮೇಲೆ ಒಂದು ರಬ್ಬರಿನಲ್ಲಿ ಅಳಿಸಬಹುದಾಗಿದ್ದ ಚೌಕ ಅದು. ಈಗ ಕಾಂಕ್ರೀಟಿನ ಕಟ್ಟೆ.

ನನ್ನ ಸಂಶೋಧನೆ ಕನ್ನಡ ಶಾಸನಗಳಲ್ಲಿ ಬರುವ ಗಡಿ ವಿವರಗಳ ಮೇಲೆ. ದಾನ ಕೊಟ್ಟ ಭೂಮಿಯ ಚತುಸ್ಸೀಮೆಯನ್ನು ಹೇಳುವಾಗ ಶಾಸನಗಳು ಮೂಡಣಕ್ಕೆ ಹುತ್ತ, ತೆಂಕಣಕ್ಕೆ ಆಲದ ಮರ, ಪಡುವಣಕ್ಕೆ ಕೆರೆಯ ಏರಿ ಎಂಬಂತೆ ಒಂದೊಂದನ್ನೇ ಹೆಸರಿಸುತ್ತ ಹೋಗುತ್ತವೆ. ಎಷ್ಟೋ ಕಡೆ ಸಾಕ್ಷಿಗಳ ಹೆಸರೂ ಇರುತ್ತದೆ. ಆ ಕಲ್ಲು ನಿಲ್ಲುತ್ತಿದ್ದದ್ದೂ ಎಲ್ಲರೂ ಓಡಾಡುವ ಕಡೆ, ದೇವಾಲಯದ ಬಳಿಯೋ ಆ ಭೂಮಿಯಲ್ಲೋ. ಅಂದಿನ ಊರು ನ್ಯಾಯದ ತವರಾಗಿತ್ತೆಂದು ನಾನು ಹೇಳಲಾರೆ. ಆ ಕಲ್ಲನ್ನು ಓದಬಲ್ಲವರು ಎಷ್ಟು ಜನ, ಸಾಕ್ಷಿಯಾಗಲು ಯಾರನ್ನು ಕರೆಯುತ್ತಿದ್ದರು, ಯಾರನ್ನು ಊರ ಹೊರಗೇ ನಿಲ್ಲಿಸುತ್ತಿದ್ದರು ಎಂಬುದೆಲ್ಲ ಗೊತ್ತಿರುವುದೇ. ಆದರೂ ಒಂದು ನೆಲದ ವಿಷಯವನ್ನು ಆ ನೆಲದ ಹತ್ತಿರವೇ ಹೇಳಬೇಕು ಎಂಬ ತಿಳಿವಳಿಕೆ ಅದರಲ್ಲಿತ್ತು. ಹಳ್ಳಿಯ ಡಂಗುರದಲ್ಲೂ ಅದಿತ್ತು. ಇಂದಿಗೂ ಜಮೀನಿನ ಖಾತೆ ಬದಲಾದರೆ ಅದರ ಪ್ರತಿಯನ್ನು ಚಾವಡಿಯಲ್ಲಿ ಕಾಣುವಂತೆ ಅಂಟಿಸಿ, ಸಂಬಂಧಪಟ್ಟವರಿಗೆ ಬರಹದಲ್ಲಿ ತಿಳಿಸಬೇಕೆಂದು 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಹೇಳುತ್ತದೆ. ನಗರಕ್ಕೆ ಬಂದ ನಾವು ಚಾವಡಿಯನ್ನು ಹಿಂದೆ ಬಿಟ್ಟು ಬಂದೆವು. ತಾತನ ಕ್ರಯಪತ್ರ ತೆಗೆದು ನೋಡಿದೆ. ಚಕ್ಕುಬಂದಿಯಲ್ಲಿ ಒಂದು ಕಡೆ ರಸ್ತೆ, ಉಳಿದ ಮೂರೂ ಕಡೆ ಸೈಟ್ ನಂಬರುಗಳು. ನೆರೆಯವರು ನಮಗೆ ಮೊದಲು ಪರಿಚಯವಾದದ್ದೇ ಅಂಕಿಗಳಾಗಿ.

ಇಲ್ಲಿಗೆ ನಿಲ್ಲಿಸಿದ್ದರೆ ಈ ಬರಹದಲ್ಲಿ ನಾವು ಬರೀ ನೊಂದವರಾಗಿ ಉಳಿಯುತ್ತಿದ್ದೆವು. ಆದರೆ ಮುಂದಿನ ವರ್ಷ ನಮ್ಮದೇ ಸರದಿ ಬಂತು.

ಅಣ್ಣನ ಮದುವೆ ನಿಶ್ಚಯವಾಗಿತ್ತು. ನನಗೆ ಓದಲೊಂದು ಮೂಲೆ ಬೇಕಿತ್ತು. ಇರುವ ಮನೆಯ ಮೇಲೆ ಇನ್ನೊಂದು ಮಹಡಿ ಏರಿಸುವುದೆಂದು ಅಪ್ಪ ನಿರ್ಧರಿಸಿದರು. ಎಂಜಿನಿಯರು ನಕ್ಷೆಯ ಉದ್ದನೆಯ ಹಾಳೆಯನ್ನು ಊಟದ ಮೇಜಿನ ಮೇಲೆ ಹರಡಿದರು. ನನ್ನ ಕೋಣೆ ಪಡುವಣ ಬದಿಗೆ, ಹತ್ತು ಅಡಿ ಅಗಲ. ನಾನು ಆಗಲೇ ಪುಸ್ತಕದ ಕಪಾಟು ಎಲ್ಲಿ ಎಂದು ಲೆಕ್ಕ ಹಾಕುತ್ತಿದ್ದೆ. ಹಾಲಿನ ಹಾಸಿಗೆಯ ಮೇಲಿಂದ ಅಜ್ಜಿ ಕೇಳಿದರು: "ಪಕ್ಕದ ಮನೆಯವರಿಗೆ ಹೇಳಿದ್ದೀರಾ?"

ಯಾರೂ ಮಾತಾಡಲಿಲ್ಲ. ಎಂಜಿನಿಯರು ಮಾತ್ರ "ಅದೆಲ್ಲ ಏನೂ ಬೇಕಾಗಲ್ಲ ಅಜ್ಜಿ" ಎಂದು ನಕ್ಕರು. ಅವರು ಹೋದ ಮೇಲೆ ಅಪ್ಪ ಹೇಳಿದರು, "ಕೇಳಿದ್ರೆ ಬೇಡ ಅಂತಾರೆ. ಕೇಳದೆ ಕಟ್ಟಿದ್ರೆ ನಾಲ್ಕು ದಿನ ಮುಖ ಊದಿಸಿಕೊಂಡು ಸುಮ್ಮನಾಗ್ತಾರೆ." ಹಿಂದಿನ ಕಟ್ಟಡದವರ ಬಗ್ಗೆ ವರ್ಷವಿಡೀ ಗೊಣಗಿದ ಅಪ್ಪ ಇವರೇನಾ ಎನಿಸಿತು. ನನ್ನ ಬಗ್ಗೆಯೂ ಹಾಗೆಯೇ ಎನಿಸಿತು. ಏಕೆಂದರೆ ಅಪ್ಪ ಹೇಳಿದಾಗ ನನಗೆ ಒಳಗೊಳಗೇ ಸಮಾಧಾನವಾಗಿತ್ತು.

ಅಪ್ಪನ ಹಿಂಜರಿಕೆಗೆ ಇನ್ನೊಂದು ಕಾರಣವಿತ್ತು. ಅದನ್ನು ಅವರು ಎರಡು ದಿನದ ಮೇಲೆ ಬಾಯಿಬಿಟ್ಟರು. ನಕ್ಷೆಯಲ್ಲಿ ಪಡುವಣ ಬದಿಗೆ ಮೂರು ಅಡಿ ಬಿಟ್ಟಂತೆ ಬರೆದಿತ್ತು. ನೆಲದ ಮೇಲೆ ತಾತ ಬಿಟ್ಟದ್ದು ಒಂದೂವರೆ ಅಡಿ. ಮೇಲಿನ ಮಹಡಿಯೂ ಅದೇ ಗೋಡೆಯ ಮೇಲೆ ನೇರ ಏಳುವುದಿತ್ತು. "ಎಲ್ಲರೂ ಹಾಗೇ" ಎಂದಿದ್ದರು ಎಂಜಿನಿಯರು. ನಮ್ಮ ಬೀದಿಯಲ್ಲಿ ನಿಜಕ್ಕೂ ಎಲ್ಲರೂ ಹಾಗೆಯೇ. ಒಬ್ಬರ ಬಾಲ್ಕನಿ ಹೊರಗೆ ಬಂದಿದೆ, ಇನ್ನೊಬ್ಬರ ಮೆಟ್ಟಿಲು ಚರಂಡಿಯ ಮೇಲಿದೆ. ಇಂಥವನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸಲು ಸರ್ಕಾರ ಕಾನೂನು ಮಾಡಿ, ಹೈಕೋರ್ಟು ಅದನ್ನು ಎತ್ತಿಹಿಡಿದು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. 'ಅಕ್ರಮ-ಸಕ್ರಮ' ಎಂಬ ಜೋಡಿಪದ ಬೆಂಗಳೂರಿನ ಮನೆಮಾತಾಗಿದ್ದೇ ಹಾಗೆ. ಆ ಯೋಜನೆ ನಿಂತರೂ ನಮ್ಮ ಬೀದಿಗಳಲ್ಲಿ ಬರಹವಿಲ್ಲದ ಒಂದು ಸಕ್ರಮ ನಡೆದೇ ಇದೆ. ನೀವು ನಮ್ಮದನ್ನು ಅಳೆಯಬೇಡಿ, ನಾವು ನಿಮ್ಮದನ್ನು ಅಳೆಯುವುದಿಲ್ಲ. ನೆರೆಯವರಿಗೆ ಮೊದಲೇ ಹೇಳುವ ರೂಢಿ ನಮ್ಮಲ್ಲಿ ಬೆಳೆಯದಿರಲು ಕಾನೂನಿನ ಮೌನ ಅರ್ಧ ಕಾರಣವಾದರೆ ಈ ಒಪ್ಪಂದ ಇನ್ನರ್ಧ. ಹೇಳಲು ಹೋದರೆ ನಕ್ಷೆ ತೋರಿಸಬೇಕು. ನಕ್ಷೆ ತೋರಿಸಿದರೆ ಅವರು ಅಳೆಯುತ್ತಾರೆ.

ಪಕ್ಕದ ಮನೆಯಲ್ಲಿರುವುದು ನಿವೃತ್ತ ಗಣಿತದ ಮೇಷ್ಟರಮ್ಮ. ಒಬ್ಬರೇ ಇದ್ದಾರೆ. ನನಗೆ ಎಂಟನೇ ತರಗತಿಯ ಬೀಜಗಣಿತ ಕಲಿಸಿದವರು. ಅಜ್ಜಿ ಇನ್ನೆರಡು ಸಲ ಕೇಳಿದ ಮೇಲೆ ಒಂದು ಭಾನುವಾರ ಸಂಜೆ ನಾನೂ ಅಪ್ಪನೂ ನಕ್ಷೆಯ ಹಾಳೆ ಸುತ್ತಿಕೊಂಡು ಹೋದೆವು. ಅವರು ಕಾಫಿ ಕೊಟ್ಟು, ಕನ್ನಡಕ ಹಾಕಿಕೊಂಡು, ಡ್ರಾಯರಿನಿಂದ ಸ್ಕೇಲು ತಂದರು. ಅಪ್ಪ ಹೇಳಲು ತಯಾರಾಗಿ ಬಂದದ್ದನ್ನು ಅವರೇ ಕಂಡುಹಿಡಿದರು. "ಇಲ್ಲಿ ಮೂರು ಬರೆದಿದೆ. ಇರೋದು ಒಂದೂವರೆ ಅಲ್ವಾ?" ಅಪ್ಪ ತಲೆ ಆಡಿಸಿದರು. "ನಮ್ಮದೂ ಆ ಕಡೆ ಹಾಗೇ ಇದೆ ಬಿಡಿ" ಎಂದರು ಮೇಷ್ಟರಮ್ಮ. ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು ನಮ್ಮನ್ನು ಅಡುಗೆಮನೆಯ ಬಾಗಿಲಿನವರೆಗೆ ಕರೆದುಕೊಂಡು ಹೋದರು. ಮೂಡಣ ಬದಿಯ ಕಿರಿದಾದ ಜಾಗದಲ್ಲಿ ತುಳಸಿ ಕಟ್ಟೆ. ನಮ್ಮ ಮನೆಯ ತಲೆಯ ಮೇಲಿಂದ ಬೆಳಿಗ್ಗೆ ಹತ್ತರ ಬಿಸಿಲು ಅಲ್ಲಿಗೆ ಬೀಳುತ್ತದೆ. ಅವರ ಮನೆಯೊಳಗೆ ದೀಪ ಹಾಕದೆ ತರಕಾರಿ ಹೆಚ್ಚಬಹುದಾದ ಜಾಗ ಅದೊಂದೇ.

"ನನಗೆ ಇಷ್ಟ ಇಲ್ಲ. ಆದರೆ ಕಟ್ಟಬೇಡಿ ಅಂತ ಹೇಗೆ ಹೇಳಲಿ? ಹುಡುಗನ ಮದುವೆ" ಎಂದರು. ಅಪ್ಪ ಏನೇನೋ ಸಮಾಧಾನ ಹೇಳಲು ಹೊರಟರು. ಅವರು ಕೈ ಎತ್ತಿ ತಡೆದರು. "ಯಾವಾಗ ಶುರು?" "ಮೂರು ತಿಂಗಳಾಗಬಹುದು." "ಸರಿ" ಎಂದರು. ಅಷ್ಟೇ. ಜಗಳವೂ ಆಗಲಿಲ್ಲ, ಅಪ್ಪುಗೆಯೂ ಆಗಲಿಲ್ಲ.

ಮನೆಗೆ ಬಂದು ಅಪ್ಪ ಎಂಜಿನಿಯರಿಗೆ ಫೋನು ಮಾಡಿದರು. ಮೇಲಿನ ಗೋಡೆಯನ್ನು ನಕ್ಷೆಯಲ್ಲಿ ಬರೆದಂತೆಯೇ ಮೂರು ಅಡಿಗೆ ಒಳಗೆ ತನ್ನಿ ಎಂದರು. ಬೇರೆ ತೊಲೆ ಕೊಡಬೇಕು, ಖರ್ಚು ಹೆಚ್ಚು ಎಂದು ಅವರು ವಾದಿಸಿದರು. ಅಪ್ಪ ಕೇಳಲಿಲ್ಲ. ನನ್ನ ಕೋಣೆ ಎಂಟೂವರೆ ಅಡಿಗೆ ಇಳಿಯಿತು. ಕಪಾಟಿಗೆ ಜಾಗವಾಗಲಿಲ್ಲ, ಪುಸ್ತಕಗಳು ಮಂಚದ ಕೆಳಗಿವೆ.

ಅದರಿಂದ ಮೇಷ್ಟರಮ್ಮನ ಬಿಸಿಲು ಉಳಿಯಿತೇ ಎಂದರೆ, ಇಲ್ಲ. ಒಂದೂವರೆ ಅಡಿಯಲ್ಲಿ ಉಳಿಯುವ ಬಿಸಿಲಲ್ಲ ಅದು. ಬೆಳಕು ಒಂದಿಷ್ಟು ಉಳಿಯಿತು, ಗಾಳಿ ಉಳಿಯಿತು. ಆದರೆ ಕೆಲಸ ಶುರುವಾಗುವ ಹೊತ್ತಿಗೆ ಅವರು ತುಳಸಿ ಕಟ್ಟೆಯನ್ನು ಮುಂದಿನ ಅಂಗಳಕ್ಕೆ ಸರಿಸಿಕೊಂಡಿದ್ದರು. ಅಡುಗೆಮನೆಯ ಚಾವಣಿಗೆ ಒಂದು ಗಾಜಿನ ಹೆಂಚು ಹಾಕಿಸಿಕೊಂಡಿದ್ದರು. ಆ ವರ್ಷದ ಸಂಡಿಗೆಯನ್ನು ಬೇಗನೇ ಒಣಗಿಸಿ ಡಬ್ಬಿಗೆ ತುಂಬಿದ್ದರು. ಗೃಹಪ್ರವೇಶದ ದಿನ ಅದರಲ್ಲಿ ಒಂದು ಡಬ್ಬಿ ತಂದುಕೊಟ್ಟು, ಹೊಸ ಗೋಡೆಯನ್ನು ಒಮ್ಮೆ ಮುಟ್ಟಿ ನೋಡಿ ಹೋದರು. ಅವರಿಗೆ ನಮ್ಮ ಮೇಲೆ ಬೇಸರ ಇಲ್ಲವೆಂದು ನಾನು ಹೇಳಲಾರೆ. ಆದರೆ ಕಳೆದುಕೊಳ್ಳುವುದಕ್ಕೆ ಮೊದಲು ಅವರಿಗೆ ಮೂರು ತಿಂಗಳು ಸಿಕ್ಕಿತ್ತು. ಅಜ್ಜಿಗೆ ಸಿಗದೇ ಹೋದದ್ದು ಅದು. ನೋಟೀಸು ಎಂದರೆ ಇಷ್ಟೇ ಇರಬಹುದು. ಬೇಡ ಎನ್ನುವ ಅಧಿಕಾರವಲ್ಲದಿದ್ದರೂ ತುಳಸಿಯನ್ನು ಸರಿಸಿಕೊಳ್ಳುವಷ್ಟು ಸಮಯ. ಜೊತೆಗೆ, ಹೇಳಲು ಬಂದವರು ತಮ್ಮ ಒಂದೂವರೆ ಅಡಿಯನ್ನು ತಾವೇ ಮತ್ತೊಮ್ಮೆ ಅಳೆದುಕೊಳ್ಳುವ ಅವಕಾಶ.

ಬೆಂಗಳೂರಿನ ಭೂಬಳಕೆಯನ್ನು ಈಗಲೂ ನಿರ್ಧರಿಸುತ್ತಿರುವುದು 2007ರಲ್ಲಿ ಒಪ್ಪಿಗೆ ಪಡೆದ ಮಹಾಯೋಜನೆ. 2031ಕ್ಕೆಂದು ಮಾಡಿದ ಕರಡು 2017ರಲ್ಲಿ ಬಂದು, ಆಮೇಲೆ ಹಿಂದಕ್ಕೆ ಹೋಯಿತು. 2025ರಲ್ಲಿ ಒಂದು ಪಾಲಿಕೆ ಐದಾಯಿತು. ಮತ್ತೊಂದು ಯೋಜನೆ ಎಂದೋ ಬಂದೇ ಬರುತ್ತದೆ. ಆಗಲಾದರೂ ಅರ್ಜಿ ನಮೂನೆಯಲ್ಲಿ ಅಜ್ಜಿಯ ಪ್ರಶ್ನೆಗೆ ಒಂದು ಸಾಲು ಸಿಗಲಿ, ಗೇಟಿಗೆ ಒಂದು ಹಾಳೆ ಅಂಟಿಸುವುದು ಕಡ್ಡಾಯವಾಗಲಿ ಎಂಬುದು ನನ್ನ ಆಸೆ.

ಅಲ್ಲಿಯವರೆಗೆ ಅಪ್ಪ ಕಾಯುತ್ತಿಲ್ಲ. ಅವರೀಗ ವಾರಕ್ಕೆರಡು ಸಲ ಬಡಾವಣೆಯ ಗ್ರಂಥಾಲಯಕ್ಕೆ ಹೋಗಿ, ನಾವು ತರಿಸದ ಪತ್ರಿಕೆಗಳ ಪ್ರಕಟಣೆಯ ಪುಟಗಳನ್ನೂ ಪಾರಾಯಣಕ್ಕೆ ಸೇರಿಸಿಕೊಂಡಿದ್ದಾರೆ. ಹೋದ ತಿಂಗಳು ಎರಡು ರಸ್ತೆ ಆಚೆಯ ಒಂದು ಸೈಟಿನ ಸಂಖ್ಯೆ ಕಣ್ಣಿಗೆ ಬಿತ್ತು. ಸಂಖ್ಯೆಯನ್ನು ಅಂಗೈಯಲ್ಲಿ ಬರೆದುಕೊಂಡು ಬಂದು, ಅದರ ಪಕ್ಕದ ಮನೆ ಯಾವುದೆಂದು ಹುಡುಕಿ, ಪರಿಚಯವಿಲ್ಲದ ಆ ಮನೆಯ ಗಂಟೆ ಒತ್ತಿದರಂತೆ. ಬಾಗಿಲು ತೆರೆದವರಿಗೆ ಏನೂ ಗೊತ್ತಿರಲಿಲ್ಲ. ಪ್ರಕಟವಾಗಿ ಆಗಲೇ ಒಂಬತ್ತು ದಿನ ಕಳೆದಿತ್ತು.

"ಇನ್ನೂ ಆರು ದಿನ ಇದೆ" ಎಂದು ಹೇಳಿ ಬಂದೆ ಎಂದರು ಅಪ್ಪ.